ಅಜ್ಜಿಯ ನೆನಪಿನ ಪುಸ್ತಕ: ಮಂಗಳೂರಿನ ಒಂದು ಮುದ್ರಣ ಸೇವೆಯ ವಿಮರ್ಶೆ

ನಮ್ಮ ಅಜ್ಜಿ 2024ರ ಜುಲೈ ತಿಂಗಳಲ್ಲಿ, 92 ತುಂಬಿದ ಮೇಲೆ ತೀರಿಕೊಂಡರು. ವರ್ಷ ತುಂಬುವಾಗ ದೇವಾಲಯದಲ್ಲಿ (ನಾವು ಚರ್ಚನ್ನು ಕರೆಯುವುದು ಹಾಗೆ) ನಡೆಯುವ ಕೃತಜ್ಞತೆಯ ಆರಾಧನೆಗೆ ಬಂದವರಿಗೆ ಸ್ಟೀಲಿನ ಡಬ್ಬಿಯನ್ನೋ ಕೈಚೀಲವನ್ನೋ ಕೊಟ್ಟು ಕಳಿಸುವ ಬದಲು ಅಜ್ಜಿಯ ಬದುಕನ್ನು ಹೇಳುವ ಒಂದು ಪುಸ್ತಕವನ್ನು ಕೊಡೋಣವೆಂದು ದೊಡ್ಡಮ್ಮ ಹೇಳಿದರು. ಮನೆಯಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಬಲ್ಲ ಮೊಮ್ಮಕ್ಕಳು ಇಬ್ಬರೇ ಇದ್ದು, ಇನ್ನೊಬ್ಬಳು ಮಸ್ಕತ್ತಿನಲ್ಲಿರುವುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಇಂಥ ನೆನಪಿನ ಪುಸ್ತಕಗಳನ್ನು ಬರೆದು, ಜೋಡಿಸಿ, ಮುದ್ರಿಸಿ ಕೊಡುವ ಮಂಗಳೂರಿನ ಒಂದು ಮುದ್ರಣಾಲಯಕ್ಕೆ ಕೆಲಸ ವಹಿಸಿದೆವು. ಅವರ ಸೇವೆ ಹೇಗಿತ್ತೆಂಬುದನ್ನು ಇಂಥದೇ ಪುಸ್ತಕ ಮಾಡಿಸಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ. ಮುದ್ರಣಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಅವರಿಂದಾದ ಒಂದು ತಪ್ಪನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ, ಅದು ಬೇರೆ ಯಾರಿಂದಲೂ ಆಗಬಹುದಾದ ತಪ್ಪು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಡೆಮಿ 1/8 ಅಳತೆ, 64 ಪುಟ ಕಪ್ಪು-ಬಿಳುಪು, 16 ಪುಟ ಬಣ್ಣ, 200 ಪ್ರತಿ. ಪ್ರತಿಯೊಂದಕ್ಕೆ 210 ರೂಪಾಯಿ. ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಲು ಒಂದಕ್ಕೆ 25 ರೂಪಾಯಿಯಂತೆ 61 ಫೋಟೊಗಳಿಗೆ ಬೇರೆಯಾಗಿ ಕೊಟ್ಟೆವು. ಎಲ್ಲ ಸೇರಿ 43,525 ರೂಪಾಯಿ ಆಯಿತು, ಅರ್ಧ ಹಣ ಮುಂಗಡ. ಐದು ವಾರದಲ್ಲಿ ಕೊಡುತ್ತೇವೆಂದವರು ಏಳು ವಾರ ತೆಗೆದುಕೊಂಡರು. ಫೋಟೊಗಳ ಕೆಲಸಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ, ಕಟ್ಟಿನ ಕೆಲಸಕ್ಕೆ ಮೂರು. ಅಕ್ಷರದ ಕೆಲಸಕ್ಕೆ ಎಷ್ಟು ಕೊಡಬೇಕೆಂಬುದು ನನಗೆ ಈಗಲೂ ತೀರ್ಮಾನವಾಗಿಲ್ಲ.

ಅವರಲ್ಲಿ ಮೂರು ಬಗೆಯ ಯೋಜನೆಗಳಿವೆ. ನೀವೇ ಎಲ್ಲವನ್ನೂ ಸಿದ್ಧಪಡಿಸಿ ಕೊಟ್ಟರೆ ಮುದ್ರಣ ಮಾತ್ರ ಮಾಡಿಕೊಡುವುದು ಒಂದು, ಅಕ್ಷರ ಜೋಡಣೆ ಹಾಗೂ ಪುಟ ವಿನ್ಯಾಸವನ್ನೂ ಸೇರಿಸಿದ್ದು ಎರಡನೆಯದು. ಮೂರನೆಯದರಲ್ಲಿ ಬರವಣಿಗೆಯೂ ಅವರದೇ: ಒಂದು ಅರ್ಜಿಯ ನಮೂನೆ ಕೊಡುತ್ತಾರೆ, ನಾವು ಅದನ್ನು ತುಂಬಿಸಿದರೆ ಅವರೇ ಜೀವನ ಚರಿತ್ರೆ ಬರೆಯುತ್ತಾರೆ. ನಾವು ಮೊದಲು ಮೂರನೆಯದನ್ನೇ ಕೇಳಿದೆವು. ದುಃಖದ ಮನೆಯಲ್ಲಿ ಯಾರಿಗೂ ಬರೆಯುವ ಮನಸ್ಸಿರುವುದಿಲ್ಲ, ಹಣ ಕೊಟ್ಟು ಮುಗಿಸೋಣವೆನಿಸುವುದು ಸಹಜ. ಆದರೆ ಮಾದರಿಗೆಂದು ಅವರು ತೋರಿಸಿದ ನಾಲ್ಕು ಪುಸ್ತಕಗಳಲ್ಲಿ ನಾಲ್ವರು ತಾಯಂದಿರೂ ಒಬ್ಬರೇ ಆಗಿದ್ದರು. ನಾಲ್ವರೂ ಆದರ್ಶ ಗೃಹಿಣಿಯರು, ನಾಲ್ವರೂ ವಾತ್ಸಲ್ಯಮಯಿಗಳು, ದೈವಭಕ್ತೆಯರು, ಬಂಧುಬಳಗದ ಕಣ್ಮಣಿಗಳು. ಒಂದು ಪುಸ್ತಕದಲ್ಲಿ ಚರ್ಚಿನ ಬದಲು ದೇವಸ್ಥಾನವಿತ್ತು, ಉಳಿದದ್ದೆಲ್ಲ ಅದೇ. ಅರ್ಜಿಯ ನಮೂನೆಯಲ್ಲಿ ತಂದೆಗೆ ಒಂದು ಹಾಳೆ, ತಾಯಿಗೆ ಒಂದು ಹಾಳೆ. ತಂದೆಯ ಹಾಳೆಯಲ್ಲಿ ‘ವೃತ್ತಿ’ ಎಂಬ ಅಂಕಣವಿದ್ದರೆ ತಾಯಿಯ ಹಾಳೆಯಲ್ಲಿ ಆ ಜಾಗದಲ್ಲಿ ‘ಹವ್ಯಾಸ’ ಎಂದಿತ್ತು. 38 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರ ಬಗ್ಗೆ ಹವ್ಯಾಸದ ಅಂಕಣದಲ್ಲಿ ಬರೆಯುವುದು ಹೇಗೆಂದು ದೊಡ್ಡಮ್ಮ ಕೇಳಿದಾಗ ಮೇಜಿನ ಹಿಂದಿದ್ದ ಹುಡುಗಿ ನಗಲಿಲ್ಲ. ಅವಳು ಪೆನ್ನಿನಿಂದ ‘ಹವ್ಯಾಸ’ವನ್ನು ಹೊಡೆದು ‘ಕೆಲಸ’ ಎಂದು ಬರೆದಳು. ನಾವು ಆ ಅಂಗಡಿಯಲ್ಲೇ ಉಳಿದದ್ದು ಆ ಹುಡುಗಿಯಿಂದಾಗಿ. ಯೋಜನೆಯನ್ನು ಮಾತ್ರ ಎರಡನೆಯದಕ್ಕೆ ಬದಲಾಯಿಸಿಕೊಂಡೆವು.

ಅಜ್ಜಿಗೂ ಅಚ್ಚಿನ ಮನೆಗೂ ಹಳೆಯ ನಂಟು. ಅವರ ತಂದೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುವವರಾಗಿದ್ದರು. 1841ರಲ್ಲಿ ಶುರುವಾದ ಆ ಮುದ್ರಣಾಲಯದ ಹೆಸರು ಹೇಳಿದರೆ ಕನ್ನಡ ಓದುವವರಿಗೆ ಬೇರೆ ಪರಿಚಯ ಬೇಕಾಗುವುದಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಇಲ್ಲಿಯ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮೊಳೆಯಚ್ಚಿನಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಅಜ್ಜಿ ಹುಟ್ಟಿದ್ದು 1931ರಲ್ಲಿ, ಅಂದರೆ ಆ ನಿಘಂಟು ಬಂದು ಬಹಳ ಕಾಲವಾದ ಮೇಲೆ. ಆದರೂ ಅವರ ಮಾತಿನಲ್ಲಿ ಕಿಟ್ಟೆಲರು ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದ ಯಾರೋ ಹಿರಿಯರಂತೆ ಬರುತ್ತಿದ್ದರು. ಒತ್ತಕ್ಷರ, ಗುಣಿತದ ಕೊಂಬು, ದೀರ್ಘ ಎಂದು ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕು. ಅವನ್ನು ಇಡುವ ಕೇಸಿನ ಯಾವ ಮನೆಯಲ್ಲಿ ಯಾವ ಅಕ್ಷರವಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳುವುದನ್ನು ಅವರ ತಂದೆ ಮಕ್ಕಳಿಗೆ ಆಟದಂತೆ ಕಲಿಸಿದ್ದರಂತೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಜೋಡಿಸುವವರು ಅದನ್ನು ತಲೆಕೆಳಗಾಗಿ ಇಟ್ಟುಕೊಂಡು ಓದುತ್ತಾರೆ. ಆದ್ದರಿಂದ ಅಜ್ಜಿಗೆ ಎದುರು ಕುಳಿತವನ ಕೈಯಲ್ಲಿದ್ದ ಪತ್ರಿಕೆಯನ್ನು ತಲೆಕೆಳಗಾಗಿಯೇ ಸಲೀಸಾಗಿ ಓದಲು ಬರುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರು ಪತ್ರಿಕೆ ಮಡಚುವ ಮೊದಲೇ ಅವರು ಅದರ ಮರಣದ ಜಾಹೀರಾತುಗಳನ್ನು ಓದಿ ಮುಗಿಸಿರುತ್ತಿದ್ದರು.

ಹಾಗಿದ್ದವರ ಪುಸ್ತಕದಲ್ಲಿ ಅಕ್ಷರ ತಪ್ಪಬಾರದೆಂಬುದು ನಮಗಿದ್ದ ಒಂದೇ ಹಟ. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಫೋಟೊಗಳ ಕೆಲಸವನ್ನು ಮನಸ್ಸು ಬಿಚ್ಚಿ ಹೊಗಳಬೇಕು. ನಮ್ಮಲ್ಲಿದ್ದದ್ದು ಕಪ್ಪು ಹಾಳೆಯ ಎರಡು ಆಲ್ಬಮ್‌ಗಳು, ಮಂಗಳೂರಿನ ಮಳೆಗಾಲದ ತೇವಕ್ಕೂ ಬೆಳ್ಳಿಹುಳಕ್ಕೂ ಅರ್ಧ ಸೋತಂಥವು. ಹಾಳೆಗೆ ಅಂಟಿಕೊಂಡ ಫೋಟೊಗಳನ್ನು ಕೀಳಲು ಹೋಗದೆ, ಇಡೀ ಹಾಳೆಯನ್ನೇ ಸ್ಕ್ಯಾನರಿನ ಮೇಲಿಟ್ಟು, ಫೋಟೊದ ಕೆಳಗೆ ಬಿಳಿ ಶಾಯಿಯಲ್ಲಿ ಅಜ್ಜಿ ಬರೆದಿದ್ದ ಹೆಸರುಗಳೂ ಬರುವಂತೆ ಮಾಡಿದ್ದು ಅವರ ಜಾಣತನ. ಇದನ್ನು ನಾವು ಹೇಳಿರಲಿಲ್ಲ. 1953ರ ಮದುವೆಯ ಫೋಟೊದಲ್ಲಿ ಮೂಲೆಯೊಂದನ್ನು ಹುಳ ತಿಂದಿತ್ತು. ಆ ಭಾಗವನ್ನು ಕಲ್ಪಿಸಿ ತುಂಬದೆ ಹಾಗೇ ಬಿಡಲೇ ಎಂದು ಫೋನ್ ಮಾಡಿ ಕೇಳಿದರು. ಬಿಡಿ ಎಂದೆವು. ಅದಕ್ಕೂ ಮೊದಲು ಮುಖಪುಟಕ್ಕೆಂದು ಅವರು ಕಳಿಸಿದ್ದ ಮಾದರಿಯಲ್ಲಿ ಮಾತ್ರ ಯಾವುದೋ ತಂತ್ರಾಂಶ ಅಜ್ಜಿಯ 80ನೆಯ ಹುಟ್ಟುಹಬ್ಬದ ಫೋಟೊದ ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿ, ಗಲ್ಲದ ಮಚ್ಚೆಯನ್ನು ಅಳಿಸಿ, ಸೀರೆಯ ಅಂಚಿಗೆ ಇಲ್ಲದ ಜರಿ ಹಾಕಿತ್ತು. ನನ್ನ ಸೋದರತ್ತೆ ಅದನ್ನು ನೋಡಿ, ‘ಇವರು ಯಾರು, ನಮ್ಮ ಸಭೆಯವರಾ?’ ಎಂದು ನಿಜವಾಗಿಯೇ ಕೇಳಿದರು (ಸಭೆಯೆಂದರೆ ನಮ್ಮ ಚರ್ಚಿಗೆ ಸೇರಿದವರು). ತಿದ್ದದೆ ಇರುವುದಕ್ಕೆ ಬೇರೆ ದರವಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು ಸುಕ್ಕುಗಳನ್ನೆಲ್ಲ ವಾಪಸು ಪಡೆದೆವು. ಕೊನೆಗೆ ಮುಖಪುಟಕ್ಕೆ ಅಜ್ಜಿಯ ಮುಖವನ್ನೇ ಹಾಕಲಿಲ್ಲ. ನಮ್ಮ ಹಳೆಯ ಮನೆಯ ಮಾಡಿನಿಂದ ಇಳಿಸಿದ ಒಂದು ಹಂಚಿನ ಚಿತ್ರವಿದೆ, ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿದ ಹಂಚು. ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ನೇತ್ರಾವತಿಯ ಜೇಡಿಮಣ್ಣನ್ನು ನಂಬಿ ಶುರುಮಾಡಿದ ಹಂಚಿನ ಉದ್ಯಮ ನಮ್ಮಂಥ ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟಿತು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ ಮನೆಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಕೆಲಸ ಬೇಕೆಂದು ಮಿಷನ್ನಿನವರು ನೇಯ್ಗೆ, ಹಂಚು, ಅಚ್ಚು ಎಂದು ಕಾರ್ಖಾನೆಗಳನ್ನು ತೆರೆದರು. ಅಚ್ಚಿನ ಮನೆಯ ಮಗಳು ಹಂಚಿನ ಮನೆಗೆ ಸೊಸೆಯಾಗಿ ಬಂದದ್ದು ನಮ್ಮ ಜನರಲ್ಲಿ ಅಪರೂಪದ ಸಂಗತಿಯೇನೂ ಆಗಿರಲಿಲ್ಲ.

ಇಡೀ ಪುಸ್ತಕದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು 33ರಿಂದ 44ರವರೆಗಿನ ಪುಟಗಳು. ಅಲ್ಲಿ ನಮ್ಮ ಒಂದೇ ಒಂದು ವಾಕ್ಯವೂ ಇಲ್ಲ, ಸ್ತ್ರೀಯರ ಸಂಘದ ಲೆಕ್ಕದ ಪುಸ್ತಕದ ಹಾಳೆಗಳನ್ನು ಇದ್ದ ಹಾಗೇ ಮುದ್ರಿಸಿದ್ದಾರೆ. ಅಜ್ಜಿ 22 ವರ್ಷ ಆ ಸಂಘದ ಖಜಾಂಚಿಯಾಗಿದ್ದರು. ಹಿಡಿ ಅಕ್ಕಿಯ ಕಾಣಿಕೆ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾದೀತು: ಪ್ರತಿಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿಟ್ಟು, ತುಂಬಿದ ಮೇಲೆ ದೇವಾಲಯಕ್ಕೆ ಒಯ್ದು ಕೊಡುವುದು. ಮನೆಯಲ್ಲಿ ನಗದು ಕಾಣದ ಹೆಂಗಸರು ಕೂಡ ಕೊಡಬಹುದಾದ ಕಾಣಿಕೆ ಅದು, ಅಡುಗೆಯವಳ ಕೈಯಿಂದಲೇ ಹೊರಡುವುದು, ಗಂಡನನ್ನು ಕೇಳಬೇಕಾಗಿಲ್ಲ. ಅಜ್ಜಿಯ ಲೆಕ್ಕದಲ್ಲಿ ಎಡಕ್ಕೆ ಬಂದ ಅಕ್ಕಿ ಸೇರಿನ ಲೆಕ್ಕದಲ್ಲಿದೆ, ಮುಂದೆ ಕಿಲೋ ಬರುತ್ತದೆ. ಬಲಕ್ಕೆ ಅಕ್ಕಿ ಮಾರಿ ಬಂದ ಹಣ, ಅದರ ಖರ್ಚು. ಖರ್ಚಿನ ಅಂಕಣವನ್ನು ಓದುತ್ತಾ ಹೋದರೆ ಒಂದು ಊರಿನ ಕಷ್ಟಸುಖವೆಲ್ಲ ಎದುರು ಬಂದು ನಿಲ್ಲುತ್ತದೆ. ಬಾಣಂತಿಗೆ ಎಣ್ಣೆ, ಒಬ್ಬ ಹುಡುಗನ ಪರೀಕ್ಷಾ ಶುಲ್ಕ, ಸಮುದ್ರಕ್ಕೆ ಹೋಗಿ ಬಾರದವನ ಮನೆಗೆ ಎರಡು ತಿಂಗಳ ಅಕ್ಕಿ, ಕನ್ನಡಕ, ಉಡುಪಿಯ ಮಿಷನ್ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಹಣ, ಶವಪೆಟ್ಟಿಗೆಗೆ ಬಟ್ಟೆ. ಹೆಸರು ಎಲ್ಲೂ ಇಲ್ಲ. ಪಡೆದವರ ಹೆಸರಿನ ಜಾಗದಲ್ಲಿ ಬರಿಯ ಒಂದು ಗೀಟು.

ಈ ಹನ್ನೆರಡು ಪುಟಗಳನ್ನು ಹಾಕಬೇಕೆಂದು ಸಲಹೆ ಕೊಟ್ಟವಳು ಅದೇ ಮೇಜಿನ ಹಿಂದಿನ ಹುಡುಗಿ. ನಾವು ಆ ಪುಸ್ತಕವನ್ನು ಒಯ್ದದ್ದು ಸಂಘದ ವರ್ಷಗಳನ್ನು ಖಚಿತಪಡಿಸಿಕೊಳ್ಳಲು ಮಾತ್ರ. ಅವಳು ಅದನ್ನು ತಿರುವಿ ಹಾಕುತ್ತಾ, ‘ಇದನ್ನು ಟೈಪ್ ಮಾಡುವುದು ಬೇಡ, ಹೀಗೇ ಇರಲಿ’ ಎಂದಳು. ಅಂಚಿನಲ್ಲಿ ಹಳದಿಯಾದ ಕಾಗದದ ಬಣ್ಣ ಉಳಿಯಬೇಕಾದ್ದರಿಂದ ಆ ಪುಟಗಳನ್ನು ಬಣ್ಣದಲ್ಲೇ ಮುದ್ರಿಸಬೇಕಾಯಿತು. 16 ಬಣ್ಣದ ಪುಟಗಳಲ್ಲಿ 12 ಅಲ್ಲಿಗೇ ಹೋದವು, ಫೋಟೊಗಳ ಪೈಕಿ ಹೆಚ್ಚಿನವು ಕಪ್ಪು-ಬಿಳುಪಿಗೆ ಸರಿದವು. ಮೂಲದಲ್ಲೇ ಅವು ಕಪ್ಪು-ಬಿಳುಪಾದ್ದರಿಂದ ನಷ್ಟವಾಗಲಿಲ್ಲ. ಇದು ವಿನ್ಯಾಸ ಬಲ್ಲವರು ಕೊಡಬಹುದಾದ ಸಲಹೆ, ಯೋಜನೆಯ ಪಟ್ಟಿಯಲ್ಲಿ ಇದಕ್ಕೆ ದರವಿಲ್ಲ.

ಉಳಿದ ಅಧ್ಯಾಯಗಳನ್ನು ಮನೆಯವರೇ ಬರೆದೆವು, ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಚಿಕ್ಕಪ್ಪನ ಬರಹ ಹೆಚ್ಚೂಕಡಿಮೆ ಅವರದೇ ಆತ್ಮಚರಿತ್ರೆ. ಬೆಳೆ ಹಬ್ಬದ ಬಗ್ಗೆ ದೊಡ್ಡಮ್ಮ ಬರೆದದ್ದು ಚೆನ್ನಾಗಿದೆ. ವರ್ಷಕ್ಕೊಮ್ಮೆ ಹಿತ್ತಿಲಿನ ಮೊದಲ ಫಲವನ್ನು ತಂದು ದೇವಾಲಯದಲ್ಲಿ ಅರ್ಪಿಸಿ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನು ಏಲಂ ಹಾಕುವುದು ನಮ್ಮಲ್ಲಿ ರೂಢಿ. ಅಜ್ಜಿ ಪ್ರತಿ ವರ್ಷ ಒಂದು ಬೂದುಕುಂಬಳವನ್ನು ಅರ್ಪಿಸಿ, ಏಲಂನಲ್ಲಿ ಅದರ ಬೆಲೆ ಬಿದ್ದು ಹೋಗಬಾರದೆಂದು ತಾವೇ ಕೂಗಿ, ಯಾರೂ ಮೇಲೆ ಕೂಗದಿದ್ದರೆ ತಮ್ಮ ಕುಂಬಳವನ್ನು ತಾವೇ ಹಣ ಕೊಟ್ಟು ಮನೆಗೆ ತರುತ್ತಿದ್ದರು. ಒಮ್ಮೆ ಅವರ ಹಳೆಯ ವಿದ್ಯಾರ್ಥಿಗಳಿಬ್ಬರು ಒಳಗೊಳಗೇ ಮಾತಾಡಿಕೊಂಡು ಬೆಲೆಯನ್ನು ಏರಿಸುತ್ತಾ ಹೋದರು. ಅಜ್ಜಿ ತರಗತಿಯಲ್ಲಿದ್ದಂತೆ ಎದ್ದು ನಿಂತು ಇಬ್ಬರ ಹೆಸರನ್ನೂ ಹಿಡಿದು ಕರೆದು ಕುಳ್ಳಿರಿಸಿದರು. ಆ ದಿನ ಕುಂಬಳ ಎಷ್ಟಕ್ಕೆ ಹೋಯಿತೆಂಬ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯಗಳಿವೆ. ಪುಸ್ತಕದಲ್ಲಿ ಮೂರನ್ನೂ ಹಾಕಿದ್ದೇವೆ.

ಸಾವಿನ ಮನೆಗಳ ಬಗ್ಗೆ ಬರೆದವರು ನಮ್ಮ ನೆರೆಯವರು. ಅವರದು ಬ್ಯಾರಿ ಕುಟುಂಬ, ಬರೆದವರು ಅಲ್ಲಿಯ ಹಿರಿಯ ಮಗಳು, ಅಜ್ಜಿಯ ಕೈಯಲ್ಲೇ ಕನ್ನಡ ಕಲಿತವರು. ಯಾರ ಮನೆಯಲ್ಲಿ ಸಾವಾದರೂ ಒಲೆ ಹೊತ್ತದ ಆ ದಿನ ಗಂಜಿಯ ಪಾತ್ರೆಯನ್ನೂ ಚಟ್ನಿಯನ್ನೂ ಹೊತ್ತುಕೊಂಡು ಮೊದಲು ಬರುತ್ತಿದ್ದವರು ಟೀಚರೇ ಎಂದು ಬರೆದು, ತಮ್ಮ ತಾಯಿ ತೀರಿಕೊಂಡ ದಿನದ ನೆನಪನ್ನು ಅರ್ಧ ಪುಟದಲ್ಲಿ ಹೇಳಿ ಮುಗಿಸಿದ್ದಾರೆ. ಸಭೆಯ ಹೆಂಗಸರು ತೀರಿಕೊಂಡರೆ ಮೈತೊಳೆಸಿ ಬಿಳಿ ಸೀರೆ ಉಡಿಸುವ ಕೆಲಸವೂ ಅಜ್ಜಿಯದೇ ಆಗಿತ್ತು. ತಮಗೆಂದು ಎತ್ತಿಟ್ಟುಕೊಂಡಿದ್ದ ಸೀರೆಯನ್ನು ಅವರು ಕನಿಷ್ಠ ಮೂರು ಸಲ ಬೇರೆಯವರಿಗೆ ಉಡಿಸಿ ಕಳಿಸಿ, ಮತ್ತೆ ಹೊಸದನ್ನು ತಂದಿಟ್ಟುಕೊಂಡಿದ್ದರು.

ನಮ್ಮ ಸಭೆಯಲ್ಲಿ ಹೂಣುವ ಮೊದಲು ತೀರಿಕೊಂಡವರ ಜೀವನ ವೃತ್ತಾಂತವನ್ನು ಓದುವ ಪದ್ಧತಿಯಿದೆ. ಅಜ್ಜಿ ಎಷ್ಟೋ ಮಂದಿಯದನ್ನು ಬರೆದುಕೊಟ್ಟವರು. ಒಂದು ಹಾಳೆಗೆ ಮೀರಬಾರದು, ಹುಟ್ಟಿದ ದಿನ, ದೀಕ್ಷಾಸ್ನಾನ, ದೃಢೀಕರಣ, ಮದುವೆ, ಮಕ್ಕಳು, ಕೆಲಸ, ಕಾಯಿಲೆ, ಇಷ್ಟೇ ಇರಬೇಕು, ಹೊಗಳಿಕೆ ಬೇಡ, ಅದನ್ನು ಕೇಳುವವರಿಗೆ ಗೊತ್ತಿರುತ್ತದೆ ಎಂಬುದು ಅವರ ಕಟ್ಟುನಿಟ್ಟು. ತಮ್ಮದನ್ನೂ ಬರೆದಿಟ್ಟಿದ್ದರು, ಕೊನೆಯ ದಿನಾಂಕದ ಜಾಗ ಮಾತ್ರ ಖಾಲಿಯಿತ್ತು. ಪುಸ್ತಕದ ಮೊದಲ ಅಧ್ಯಾಯ ಆ ಒಂದು ಹಾಳೆಯೇ. ಮೂರನೆಯ ಯೋಜನೆಯನ್ನು ಬಿಟ್ಟದ್ದು ಸರಿಯಾಯಿತೆಂದು ಆ ಹಾಳೆಯನ್ನು ಓದಿದ ಮೇಲೆ ಎಲ್ಲರಿಗೂ ಅನಿಸಿತು.

ಇನ್ನು ಕಾಗದ, ಕಟ್ಟು. ಒಳಪುಟಗಳಿಗೆ 80 ಜಿಎಸ್‌ಎಂ ಮ್ಯಾಪ್ಲಿಥೋ, ಬಣ್ಣದ ಪುಟಗಳಿಗೆ 130 ಜಿಎಸ್‌ಎಂ ಆರ್ಟ್ ಕಾಗದ ಎಂದು ಒಪ್ಪಂದವಾಗಿತ್ತು, ಅದರಲ್ಲಿ ಮೋಸವಿಲ್ಲ. ಹೊಲಿಗೆಯ ಕಟ್ಟು ಕೇಳಿದ್ದೆವು. 80 ಪುಟಗಳ ತೆಳುವಾದ ಪುಸ್ತಕಕ್ಕೆ, ಅದರಲ್ಲೂ ಎರಡು ಬಗೆಯ ಕಾಗದವಿರುವಾಗ, ಅಂಟಿನ ಕಟ್ಟೇ ಸಾಕೆಂದು ಒಪ್ಪಿಸಿದರು. ಒಪ್ಪಬಾರದಿತ್ತು. ಆರ್ಟ್ ಕಾಗದವನ್ನು ಅಂಟು ಸರಿಯಾಗಿ ಹಿಡಿಯುವುದಿಲ್ಲ, ಎರಡು ಸಲ ಪೂರ್ತಿ ತೆರೆದರೆ ಲೆಕ್ಕದ ಪುಟಗಳು ಬೆನ್ನಿನಿಂದ ಬಿಡುತ್ತವೆ. ಜೊತೆಗೆ ಜುಲೈ ತಿಂಗಳ ಮಳೆ: ಹೊರಬದಿಗೆ ಮಾತ್ರ ಲ್ಯಾಮಿನೇಷನ್ ಮಾಡಿದ ರಕ್ಷಾಪುಟ ಒಳಬದಿಯಿಂದ ತೇವ ಹೀರಿಕೊಂಡು ಒಣಮೀನಿನಂತೆ ಸುರುಳಿಯಾಗುತ್ತದೆ. ಪ್ರತಿಗಳನ್ನು ಅಕ್ಕಿಮುಡಿಯ ಕೆಳಗಿಟ್ಟಂತೆ ಭಾರದ ಕೆಳಗೆ ಎರಡು ದಿನ ಒತ್ತಿಡಬೇಕಾಯಿತು. ಕರಾವಳಿಯಲ್ಲಿ ಮಳೆಗಾಲದ ಕೆಲಸವಾದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಹೊಲಿಗೆಯನ್ನೇ ಹೇಳಿ.

ಈಗ ಅಕ್ಷರ. ಅವರ ಜೋಡಣೆಗಾರರು ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡುತ್ತಾರೆ, ನಾವು ಕೊಟ್ಟದ್ದು ಯೂನಿಕೋಡ್. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವೊತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು, ದೀರ್ಘಗಳು ಉದುರಿದ್ದವು. ಮೊದಲ ಕರಡಿನಲ್ಲಿ 140ಕ್ಕೂ ಹೆಚ್ಚು ತಪ್ಪುಗಳನ್ನು ಗುರುತಿಸಿದೆವು. ಯಂತ್ರದ ತಪ್ಪುಗಳಿಗಿಂತ ಮನುಷ್ಯನ ತಪ್ಪುಗಳು ಸ್ವಾರಸ್ಯವಾಗಿದ್ದವು: ‘ದೀಕ್ಷಾಸ್ನಾನ’ ಎಲ್ಲ ಕಡೆಯೂ ‘ದೀಕ್ಷಾಸ್ಥಾನ’ ಆಗಿತ್ತು, ‘ಸಭಾಪಾಲಕರು’, ಅಂದರೆ ನಮ್ಮ ಪಾದ್ರಿಗಳು, ಒಂದು ಪುಟದಲ್ಲಿ ‘ಸಭಾಪತಿಗಳು’ ಆಗಿ ವಿಧಾನ ಪರಿಷತ್ತಿಗೆ ಹೊರಟಿದ್ದರು. ಎಲ್ಲವನ್ನೂ ಬೇಸರಿಸದೆ ತಿದ್ದಿದರು. ಎರಡನೆಯ ಕರಡಿನಲ್ಲಿ ಒಂಬತ್ತು ತಪ್ಪು, ಮೂರನೆಯದರಲ್ಲಿ ಒಂದೂ ಇಲ್ಲ. ದೊಡ್ಡಮ್ಮ ಕೊನೆಯ ಪುಟದಲ್ಲಿ ಸಹಿ ಹಾಕಿ ಕೊಟ್ಟರು.

ಆರಾಧನೆಗೆ ಮೂರು ದಿನ ಇರುವಾಗ ಪೆಟ್ಟಿಗೆಗಳು ಬಂದವು. ಮೊದಲ ಪ್ರತಿಯನ್ನು ತೆರೆದವರು ಸೋದರತ್ತೆ. ಅರ್ಪಣೆಯ ಪುಟದಲ್ಲಿ, ಅಜ್ಜಿಯ ಸತ್ಯವೇದದಲ್ಲಿ (ಬೈಬಲಿನಲ್ಲಿ) ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದ 23ನೆಯ ಕೀರ್ತನೆಯ ಮೊದಲ ಸಾಲನ್ನು ಹಾಕಿಸಿದ್ದೆವು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಮುದ್ರಣವಾಗಿ ಬಂದ ಪುಟದಲ್ಲಿ ‘ಕೊರತೆಪಡೆವೆನು’ ಎಂದಿತ್ತು. ಒಂದೇ ಅಕ್ಷರ ಹೆಚ್ಚು. ಕೊರತೆ ನನಗಾಗುವುದಿಲ್ಲ ಎಂದು ಎಪ್ಪತ್ತು ವರ್ಷ ಹಾಡಿದ ಹೆಂಗಸು 200 ಪ್ರತಿಗಳಲ್ಲಿ ಕೊರತೆ ನನಗೆ ಆಗಿಯೇ ತೀರುತ್ತದೆ ಎಂದು ಸಾರುವಂತಾಗಿತ್ತು.

ಆದದ್ದು ಇಷ್ಟು. ನಾವು ಸಹಿ ಹಾಕಿದ ಕರಡಿನಲ್ಲಿ ಸಾಲು ಸರಿಯಾಗಿಯೇ ಇತ್ತು. ಮುದ್ರಣದ ಫಲಕಕ್ಕೆ ಹೋಗುವ ಮೊದಲು ಕೊನೆಯ ಸಲ ಕಣ್ಣಾಡಿಸಿದ ಜೋಡಣೆಗಾರರಿಗೆ ‘ಪಡೆನು’ ಎಂಬುದು ಅಕ್ಷರ ಬಿಟ್ಟುಹೋದಂತೆ ಕಂಡಿತು. ಉಪಕಾರ ಮಾಡುವ ಮನಸ್ಸಿನಿಂದಲೇ ತಿದ್ದಿಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮಾಡೆನು, ಮಾಡನು, ಮಾಡಳು ಎಂಬ ನಿಷೇಧ ರೂಪಗಳನ್ನು ಈಗ ಯಾರು ಆಡುತ್ತಾರೆ? ‘ಒಲ್ಲೆ’, ‘ಅರಿಯೆ’ ಎಂಬಂಥ ಕೆಲವು ಮಾತುಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ. ‘ಇಲ್ಲ’ ಎಂಬ ಪದವೇ ಇಲ್ಲದೆ, ಕಾಲವನ್ನು ಸೂಚಿಸುವ ಪ್ರತ್ಯಯವನ್ನು ಬಿಟ್ಟುಬಿಡುವುದರಿಂದಲೇ ಇಲ್ಲವೆಂಬುದನ್ನು ಹೇಳುವ ಈ ರೂಪವನ್ನು ಕಿಟ್ಟೆಲರು 1903ರಲ್ಲಿ ಇದೇ ಊರಿನಿಂದ ಹೊರಬಂದ ತಮ್ಮ ವ್ಯಾಕರಣದಲ್ಲಿ ವಿವರಿಸಿದ್ದಾರೆ. ಅಜ್ಜಿ ಅದನ್ನು ನಾಲ್ಕನೆಯ ತರಗತಿಯ ಮಕ್ಕಳಿಗೆ ಬೆರಳು ಮಡಚಿಸಿ ಕಲಿಸುತ್ತಿದ್ದರು. ಆದರೂ ಒಂದು ಮಾತು ಹೇಳಲೇಬೇಕು. ಗ್ರಾಹಕರು ಸಹಿ ಹಾಕಿದ ಕರಡನ್ನು ಮತ್ತೆ ಮುಟ್ಟಬಾರದೆಂಬುದು ಅಚ್ಚಿನ ಮನೆಯ ಮೊದಲ ಶಿಸ್ತು. ಜೋಡಣೆಗಾರರು ತಿದ್ದಿದ್ದಕ್ಕಿಂತ, ತಿದ್ದಿದ್ದನ್ನು ನಮಗೆ ತಿಳಿಸದೆ ಇದ್ದದ್ದೇ ದೊಡ್ಡ ಲೋಪ, ನನ್ನ ದೂರು ಇರುವುದು ಅದರ ಬಗ್ಗೆ.

ಮುದ್ರಣಾಲಯದ ಮಾಲೀಕರು ನಡೆದುಕೊಂಡ ರೀತಿಯನ್ನೂ ಹೇಳುವುದು ನ್ಯಾಯ. ಫೋನ್ ಮಾಡಿದ ಒಂದು ಗಂಟೆಯೊಳಗೆ ಅವರೇ ಮನೆಗೆ ಬಂದರು, ವಾದ ಮಾಡಲಿಲ್ಲ, ಸಹಿಯಾದ ಕರಡನ್ನು ತಾವೇ ತಂದು ತಪ್ಪು ತಮ್ಮದೆಂದು ಒಪ್ಪಿಕೊಂಡರು. ಆ ಒಂದು ಹಾಳೆಯನ್ನು ಹೊಸದಾಗಿ ಮುದ್ರಿಸಿ, ಹಳೆಯದನ್ನು ಕತ್ತರಿಸಿ ತೆಗೆದು ಅಂಟಿಸಿಕೊಡುತ್ತೇವೆಂದರು. ಅಂಟಿನ ಕಟ್ಟನ್ನು ಕತ್ತರಿಸಿದರೆ ಎದುರಿನ ಹಾಳೆಯೂ ಸಡಿಲಾಗುತ್ತದೆ, ಮೂರು ದಿನದಲ್ಲಿ 200 ಪ್ರತಿಗೆ ಅದು ಆಗುವ ಕೆಲಸವಾಗಿರಲಿಲ್ಲ. ತಿದ್ದುಪಡಿಯ ಚೀಟಿ ಅಂಟಿಸೋಣವೆಂದರೆ ಅರ್ಪಣೆಯ ಪುಟಕ್ಕೆ ಚೀಟಿಯೇ ಎಂದು ಸೋದರತ್ತೆ ಒಪ್ಪಲಿಲ್ಲ.

ದೊಡ್ಡಮ್ಮ ಅಷ್ಟು ಹೊತ್ತೂ ಸುಮ್ಮನೆ ಪುಟವನ್ನೇ ನೋಡುತ್ತಿದ್ದವರು ಒಳಗೆ ಹೋಗಿ ಒಂದು ಕೆಂಪು ಪೆನ್ನು ತಂದರು. ಹೊಸದಾಗಿ ಏನನ್ನೂ ಬರೆಯಬೇಕಾಗಿರಲಿಲ್ಲ, ‘ವೆ’ ಎಂಬ ಒಂದು ಅಕ್ಷರವನ್ನು ಹೊಡೆದರೆ ಸಾಲು ಸರಿಯಾಗುತ್ತಿತ್ತು. ಆ ರಾತ್ರಿ ಮಳೆ ಹೊಯ್ಯುತ್ತಿರುವಾಗ ಚಾವಡಿಯಲ್ಲಿ ಪೆಟ್ಟಿಗೆಗಳನ್ನು ಒಡೆದು ಹನ್ನೊಂದು ಮಂದಿ ಕುಳಿತೆವು. ಮಾಲೀಕರೂ ಅವರ ಜೊತೆ ಬಂದಿದ್ದ ಆ ಹುಡುಗಿಯೂ ಹೋಗಲಿಲ್ಲ, ಒಂದೊಂದು ಪೆನ್ನು ಹಿಡಿದರು. ಟೀಚರ್ ತಿದ್ದಿದ ಹಾಗೆ ಇರಬೇಕು, ಗೆರೆ ಓರೆಯಾಗಿ ಒಂದೇ ಇರಬೇಕು, ಗೀಚಬಾರದು ಎಂದು ನೆರೆಮನೆಯವರು ತೋರಿಸಿಕೊಟ್ಟರು. ಸುಕ್ಕಿನುಂಡೆ, ಚಹಾ ಎರಡು ಸುತ್ತು ಬಂತು. ಮುಗಿಯುವಾಗ ಹನ್ನೆರಡೂವರೆ.

ಮುದ್ರಣಾಲಯದವರು ಬಾಕಿ ಹಣದಲ್ಲಿ 6,000 ರೂಪಾಯಿ ಬಿಟ್ಟರು. ಆಮೇಲೆ ಬೇಡಿಕೆ ಬಂದದ್ದರಿಂದ 40 ಪ್ರತಿಗಳನ್ನು ಮತ್ತೆ ಅವರಲ್ಲಿಯೇ ಮುದ್ರಿಸಿದೆವು, ಈ ಸಲ ಹೊಲಿಗೆಯ ಕಟ್ಟು. ಅರ್ಪಣೆಯ ಸಾಲು ಸರಿಯಾಗಿದೆ, ಸಹಿಯಾದ ಕರಡಿನ ಮೇಲೆ ‘ಮುಟ್ಟಬಾರದು’ ಎಂಬ ಮೊಹರನ್ನು ಅವರೇ ಮಾಡಿಸಿಕೊಂಡಿದ್ದಾರೆ. ಪುಸ್ತಕ ಬೇಕೆಂದು ಕೇಳುವವರಿಗೆ ಎರಡರಲ್ಲಿ ಯಾವುದು ಬೇಕೆಂದು ಕೇಳುತ್ತೇವೆ. ಈವರೆಗೆ ಹೊಸ ಮುದ್ರಣದ 31 ಪ್ರತಿಗಳು ಕಪಾಟಿನಲ್ಲೇ ಇವೆ.